ಕಾಡಿನ ಸೊಪ್ಪು, ಅಣಬೆ ಕಲಿಸುವವರನ್ನು ಹೀಗೆ ಆರಿಸಿ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆಗಾಲ ಅಂದರೆ ಕೆಸು, ಕಳಲೆ (ಎಳೆ ಬಿದಿರಿನ ಮೊಳಕೆ), ಚಗಟೆ ಸೊಪ್ಪು. ಎಲ್ಲಾ ಅಜ್ಜಿಯೇ ಕಲಿಸಿದ್ದು. ನೀವು ಕೋರ್ಸ್ ಸೇರುವುದಾದರೆ ಹಣ ಕಟ್ಟುವ ಮುಂಚೆ ಫೋನ್ ಮಾಡಿ ಮಾತಾಡಿ.

ಕಳಲೆಯನ್ನು ಯಾಕೆ ನೆನೆಸಬೇಕು ಅಂತ ಕೇಳಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ದಿನಾ ನೀರು ಬದಲಿಸಿ ಆಮೇಲೆ ಬೇಯಿಸಬೇಕು ಅಂದರೆ ಅವರಿಗೆ ವಿಷಯ ಗೊತ್ತು. ಅಣಬೆಗೆ ಬೆಳ್ಳಿ ಚಮಚ ಹಾಕಿ, ಕಪ್ಪಾಗದಿದ್ದರೆ ತಿನ್ನಿ ಅಂದರೆ ಅಲ್ಲೇ ಫೋನ್ ಇಡಿ. ಅದು ಸುಳ್ಳು. ಕೆಲವು ವಿಷದ ಅಣಬೆ ತಿಂದು 6 ಗಂಟೆ ಕಳೆದ ಮೇಲೇ ವಾಂತಿ ಶುರುವಾಗುವುದು, ಆಮೇಲೆ ಲಿವರ್ ಹಾಳಾಗುತ್ತದೆ.

ಅಭಯಾರಣ್ಯದೊಳಗೆ ಕೀಳಿಸುವವರು ಬೇಡ. 'ಇದು ನನಗೆ ಗೊತ್ತಿಲ್ಲ, ಮುಟ್ಟಬೇಡಿ' ಅನ್ನುವವರನ್ನು ನಾನು ಜಾಸ್ತಿ ನಂಬುತ್ತೇನೆ. ನನ್ನಜ್ಜಿ ಹಾಗೇ ಅನ್ನುತ್ತಿದ್ದರು.