ಕೌದಿ ಹಾಸಿ ಕೂಸನ್ನು ಕೆಳಗೆ ಬಿಟ್ಟೆವು

ನಮ್ಮ ಅಂಗನವಾಡಿಯಲ್ಲಿ ಒಂದು ಹಳೆ ಕೌದಿ ಇದೆ. ನಮ್ಮ ಅತ್ತೆ ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲೆದದ್ದು. ಹಾಸಿಗೆಯಷ್ಟು ಮೆತ್ತಗಿಲ್ಲ, ನೆಲದಷ್ಟು ಗಟ್ಟಿಯೂ ಇಲ್ಲ. ಕೂಸುಗಳ ಜೊತೆ ನಾನು ಮಾಡಿದ ಕೆಲಸ ಬಹಳಷ್ಟು ಈ ಕೌದಿ ಮೇಲೇ ಆಗಿದೆ.

ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಾರ್ಯಕರ್ತೆ. ತೂಕ, ಲಸಿಕೆ, ಮೊಟ್ಟೆಯ ಲೆಕ್ಕ ಮೊದಲಿಂದಲೂ ಸರಿಯಾಗಿ ಇಡುತ್ತಿದ್ದೆ. ಕೂಸು ಯಾವಾಗ ಕತ್ತು ನಿಲ್ಲಿಸಿತು, ಯಾವಾಗ ಕೂತಿತು ಅನ್ನುವುದನ್ನು ಮಾತ್ರ ಅಷ್ಟು ಗಮನಿಸುತ್ತಿರಲಿಲ್ಲ. ತಾಯಿ ಕಾರ್ಡಿನಲ್ಲಿ ಅದರ ಚಿತ್ರಗಳೇ ಇವೆ. ಆದರೂ ಆ ಪುಟ ತಿರುವಿ ಮುಂದೆ ಹೋಗುತ್ತಿದ್ದೆ.

ನಮ್ಮ ಕಡೆ ಕೂಸು ನೆಲಕ್ಕೆ ಇಳಿಯುವುದೇ ಕಮ್ಮಿ. ಮನೆಯಲ್ಲಿದ್ದರೆ ತೊಟ್ಟಿಲು. ಹೊಲಕ್ಕೆ ಹೋದರೆ ಬೇವಿನ ಮರಕ್ಕೆ ಕಟ್ಟಿದ ಜೋಳಿಗೆ. ಉಳಿದ ಹೊತ್ತು ಅಜ್ಜಿಯ ತೊಡೆ, ಅಕ್ಕನ ಕಂಕುಳು. ಎಲ್ಲವೂ ಪ್ರೀತಿಯಿಂದಲೇ ಆಗುವುದು. ಕಳೆ ತೆಗೆಯಲು ಹೋದ ತಾಯಿ ಕೂಸನ್ನು ಬದುವಿನ ಮೇಲೆ ಬಿಡಲು ಆಗುತ್ತಾ? ಹುಳ ಹುಪ್ಪಟೆ, ಬಿಸಿಲು. ಜೋಳಿಗೆಯೇ ಸರಿ. ಆದರೆ ಜೋಳಿಗೆಯಲ್ಲಿ ಕೂಸಿನ ಬೆನ್ನು ಬಾಗಿಯೇ ಇರುತ್ತದೆ. ಕೈ ಊರಲು, ಕಾಲು ಒತ್ತಲು ಅಲ್ಲಿ ಜಾಗ ಇಲ್ಲ.

2017ರಲ್ಲಿ ಸರ್ಕಾರದ ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿಯರು, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಊಟ ಮಾಡಬೇಕಿತ್ತು. ತಾಯಿ ಊಟಕ್ಕೆ ಕೂತರೆ ಕೂಸನ್ನು ಹಿಡಿಯುವವರು ಯಾರು? ಅದಕ್ಕೇ ಕೌದಿ ಹಾಸಿದೆ. ಮೂರು ನಾಲ್ಕು ಕೂಸುಗಳನ್ನು ಸಾಲಾಗಿ ಬೋರಲು ಮಲಗಿಸಿ ಎದುರಿಗೆ ನಾನೂ ಹೊಟ್ಟೆ ಮೇಲೆ ಮಲಗಿದೆ. ಮೊದಲ ದಿನ ಎಲ್ಲವೂ ಕಿರುಚಿದವು.

"ಅಕ್ಕಾರ, ಕೂಸು ಭಾಳ ಅಳಾಕ ಹತ್ತೈತ್ರಿ, ಎತ್ಕೊಳ್ಳೇನ್ರಿ?" ಅಂತ ಒಬ್ಬಳು ಅರ್ಧ ಊಟಕ್ಕೇ ಎದ್ದಳು.

"ಎತ್ಕೋ ಯವ್ವಾ. ನಾಳಿ ಮತ್ತ ಒಂದ್ ನಿಮಿಷ ಹಾಕೂಣು" ಅಂದೆ.

ಅತ್ತರೆ ಎತ್ತಿಕೊಳ್ಳುವುದು, ಮರುದಿನ ಮತ್ತೆ ಬಿಡುವುದು. ಇಷ್ಟೇ ನಾನು ಮಾಡಿದ್ದು. ಒಂದು ನಿಮಿಷ ಎರಡಾಯಿತು, ಎರಡು ಐದಾಯಿತು. ಎದೆ ಕೆಳಗೆ ಒಂದು ಟವೆಲ್ ಸುತ್ತಿ ಇಟ್ಟರೆ ಕತ್ತು ಎತ್ತುವುದು ಸುಲಭ. ಗಿಲಕಿಗಿಂತ ತಾಯಿಯ ಮುಖ, ತಾಯಿಯ ಬಳೆ ಸದ್ದು ಜಾಸ್ತಿ ಕೆಲಸ ಮಾಡುತ್ತದೆ. ಹಾಲು ಕುಡಿದ ಕೂಡಲೇ ಬೋರಲು ಹಾಕಬಾರದು, ಕಕ್ಕುತ್ತದೆ. ಎಚ್ಚರ ಇದ್ದಾಗ, ಒಬ್ಬರು ಪಕ್ಕದಲ್ಲೇ ಇದ್ದಾಗ ಮಾತ್ರ. ನಿದ್ದೆಗೆ ಯಾವಾಗಲೂ ಅಂಗಾತ. ಇದನ್ನು ಪ್ರತಿ ತಾಯಿಗೂ ಎರಡೆರಡು ಸಲ ಹೇಳುತ್ತೇನೆ. ಹರಿದಾಡಲು ಬಾರದ ಕೂಸಿಗೆ ಇಡೀ ದಿನ ಸೇರಿ ಕನಿಷ್ಠ 30 ನಿಮಿಷ ಬೋರಲು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎಣ್ಣೆ ಹಚ್ಚುವಾಗ ಐದು ನಿಮಿಷ, ಇಲ್ಲಿ ಐದು ನಿಮಿಷ, ಸಂಜೆ ಅಪ್ಪನ ಎದೆ ಮೇಲೆ ಸ್ವಲ್ಪ ಹೊತ್ತು. ಹೀಗೆ ದಿನದಲ್ಲಿ ಹಲವು ಸಲ ಕೂಡಿಸಿದರೆ ಆಗಿಬಿಡುತ್ತದೆ.

ಕೂರಿಸುವ ಅವಸರ ಅಜ್ಜಿಯರಿಗೆ ಜಾಸ್ತಿ. ನಾಲ್ಕು ತಿಂಗಳಿಗೇ ಸುತ್ತ ದಿಂಬು ಇಟ್ಟು ಕೂರಿಸಿಬಿಡುತ್ತಾರೆ. ಬೋರಲು ಬಿದ್ದು, ಮಗ್ಗುಲಾಗಿ, ಮುಂದೆ ಎರಡು ಕೈ ಊರಿ ಕೂರುವ ಕೂಸು ತಾನೇ ಸಮತೋಲ ಕಲಿಯುತ್ತದೆ. ದಿಂಬಿನ ನಡುವೆ ಕೂತದ್ದಕ್ಕೆ ಬೀಳುವುದೂ ಗೊತ್ತಾಗುವುದಿಲ್ಲ, ಏಳುವುದೂ ಗೊತ್ತಾಗುವುದಿಲ್ಲ.

ಅಂಬೆಗಾಲಿನ ಬಗ್ಗೆ ತಾಯಂದಿರು ಸುಮ್ನೆ ಹೆದರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ದೆಹಲಿಯ ಮಕ್ಕಳೂ ಅದರಲ್ಲಿದ್ದರು. ನೂರಕ್ಕೆ ಸುಮಾರು 4 ಮಕ್ಕಳು ಅಂಬೆಗಾಲು ಹಾಕದೆಯೇ ನಡೆದಿದ್ದರು. ಆಸರೆ ಇಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳ ನಡುವೆ. ತಾನೇ ನಡೆಯುವುದು 8 ತಿಂಗಳಿಂದ ಹದಿನೇಳೂವರೆ ತಿಂಗಳ ನಡುವೆ. ಎಷ್ಟು ಅಗಲ ಇದೆ ನೋಡಿ! ಪಕ್ಕದ ಮನೆ ಕೂಸು ಹತ್ತು ತಿಂಗಳಿಗೆ ನಡೆಯಿತು ಅಂತ ನಮ್ಮದನ್ನು ಹೋಲಿಸಬಾರದು ಅಲ್ವಾ? ದಿನ ತುಂಬದೆ ಹುಟ್ಟಿದ ಕೂಸಿಗೆ ಎಷ್ಟು ತಿಂಗಳು ಮೊದಲು ಹುಟ್ಟಿತೋ ಅಷ್ಟನ್ನು ಕಳೆದು ವಯಸ್ಸು ಎಣಿಸಬೇಕು. ಎರಡು ವರ್ಷದವರೆಗೂ ಹೀಗೆಯೇ.

ಗಾಲಿ ಇರುವ ವಾಕರ್ ಮಾತ್ರ ನನಗೆ ಬೇಡವೇ ಬೇಡ. ನನ್ನ ಸ್ವಂತ ಮಗನನ್ನು ಅದರಲ್ಲಿ ಕೂರಿಸಿದ್ದೆ. ಹೊಸ್ತಿಲು ದಾಟಿ ಕಟ್ಟೆಯಿಂದ ಕೆಳಗೆ ಬಿದ್ದ. ಹಣೆಗೆ ಮೂರು ಹೊಲಿಗೆ. ಆ ದಿನ ನೆನೆಸಿಕೊಂಡರೆ ಇವತ್ತಿಗೂ ಎದೆ ಝಲ್ ಅನ್ನುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿದೆ. ಅದರಿಂದ ನಡಿಗೆ ಬೇಗ ಬರುವುದೂ ಇಲ್ಲ. ಮೂರು ಗಾಲಿಯ ಕಟ್ಟಿಗೆ ಗಾಡಿ ಬೇರೆ. ಅದನ್ನು ಕೂಸು ತನ್ನ ಕಾಲ ಮೇಲೆ ನಿಂತು ತಳ್ಳಬೇಕು. ಕೂಸು ನಿಲ್ಲಲು ಕಲಿತ ಮೇಲೆ, ಅಂಗಳ ಸಮ ಇದ್ದು ಪಕ್ಕದಲ್ಲಿ ದೊಡ್ಡವರಿದ್ದರೆ ಅದು ಸಾಕು. ಬರಿಗಾಲಲ್ಲೇ ಬಿಡಿ, ಬೆರಳು ನೆಲ ಹಿಡಿಯಲಿ.

ಎರಡು ಕೂಸುಗಳನ್ನು ನಾನು ಮರೆಯುವುದಿಲ್ಲ.

ಒಂದರ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದರು. ಕಟ್ಟಡದ ಕೆಲಸ. ಊರಿಗೆ ಬಂದಾಗ ಕೂಸಿಗೆ ಹತ್ತು ತಿಂಗಳು, ಇನ್ನೂ ಕೂರುತ್ತಿರಲಿಲ್ಲ. ಮರಳು, ಕಬ್ಬಿಣ ಬಿದ್ದ ಜಾಗದಲ್ಲಿ ಇಳಿಸಲು ಆಗದೆ ದಿನವಿಡೀ ಜೋಳಿಗೆಯಲ್ಲೇ ಇಟ್ಟಿದ್ದರು. ಮೊದಲು ಆಸ್ಪತ್ರೆಗೆ ಕಳಿಸಿದೆ. ಡಾಕ್ಟರು ನೋಡಿ ದೋಷ ಏನೂ ಕಾಣುವುದಿಲ್ಲ, ಆಡಿಸಿ ಅಂದರು. ದಿನಾ ಕೌದಿ ಮೇಲೆ ಬಿಟ್ಟೆವು. ಆರು ವಾರಕ್ಕೆ ಕೂತಿತು. ಹದಿನಾರು ತಿಂಗಳಿಗೆ ನಡೆಯಿತು.

ಇನ್ನೊಂದು ಎಂಟು ತಿಂಗಳ ಕೂಸು. ಚುರುಕಾಗಿತ್ತು, ನಗುತ್ತಿತ್ತು. ಕೌದಿ ಮೇಲೆ ಬಿಟ್ಟಾಗ ಎಡಗೈ ಮುಷ್ಟಿ ಬಿಚ್ಚಲೇ ಇಲ್ಲ. ಎಲ್ಲದಕ್ಕೂ ಬಲಗೈ. ತೆವಳುವಾಗ ಎಡಗಾಲು ಎಳೆಯುತ್ತಿತ್ತು. "ಬಲಗೈ ಮುಂದ ಐತಿ, ಛಲೋನ ಆತಲ್ಲ ತಂಗಿ" ಅಂದಳು ಅಜ್ಜಿ. ಒಂದು ವರ್ಷದ ಒಳಗೆ ಒಂದೇ ಕೈಯ ಮೇಲೆ ಒಲವು ತೋರಿದರೆ ಅದು ಒಳ್ಳೆಯದಲ್ಲ, ಇನ್ನೊಂದು ಕಡೆ ಬಲ ಕಮ್ಮಿ ಇರಬಹುದು. ಮೊದಲು ತೋರಿಸಿದ ಕಡೆ "ಕಾಯಿರಿ, ಸರಿ ಹೋಗುತ್ತದೆ" ಅಂದಿದ್ದರಂತೆ. ನಾನು ಕಾಯಲಿಲ್ಲ. ಮಕ್ಕಳ ಆರೋಗ್ಯ ತಪಾಸಣೆಗೆ ನಮ್ಮ ಊರಿಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿ, ಕೊಪ್ಪಳಕ್ಕೆ ಬಸ್ಸಿನಲ್ಲಿ ನಾನೇ ಜೊತೆಗೆ ಹೋದೆ. ಮಿದುಳಿನ ತೊಂದರೆಯಿಂದ ಒಂದು ಮಗ್ಗುಲು ಬಿಗಿಯಾಗಿದೆ ಅಂತ ತಿಳಿಯಿತು. ವ್ಯಾಯಾಮ ಅಲ್ಲಿಂದ ಶುರುವಾಯಿತು.

ಈಗ ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, 9 ತಿಂಗಳಿಗೆ ಕೂರದಿದ್ದರೆ, 18 ತಿಂಗಳಿಗೆ ನಡೆಯದಿದ್ದರೆ ನಾನು ಸುಮ್ಮನಿರುವುದಿಲ್ಲ. ಕಾಲು ಕತ್ತರಿಯಂತೆ ಬಿಗಿಯಾದರೆ, ಮೈ ಬಟ್ಟೆಯಂತೆ ಜೋತರೆ, ಬರುತ್ತಿದ್ದದ್ದು ಬಾರದಂತಾದರೆ ವಯಸ್ಸು ಎಷ್ಟೇ ಇರಲಿ, ಅದೇ ವಾರ ಕಳಿಸುತ್ತೇನೆ.

ಎಡಗೈ ಮುಷ್ಟಿ ಬಿಚ್ಚದಿದ್ದ ಆ ಮಗುವಿಗೆ ಈಗ ಮೂರು ವರ್ಷ. ಎಡಗಾಲು ಸ್ವಲ್ಪ ಎಳೆಯುತ್ತದೆ. ನಮ್ಮ ಬಾಗಿಲ ಮೆಟ್ಟಿಲನ್ನು ಗೋಡೆ ಹಿಡಿದು ತಾನೇ ಹತ್ತುತ್ತಾನೆ. ಬಂದವನೇ ಕೌದಿ ತುದಿ ಹಿಡಿದು ಸಣ್ಣ ಕೂಸುಗಳಿಗೆ ಹಾಸಲು ನನ್ನ ಜೊತೆ ಎಳೆಯುತ್ತಾನೆ, ಎರಡೂ ಕೈಯಲ್ಲಿ.