ಮನೆಮಂದಿಯೇ ನಡೆಸುವ ಫುಟ್‌ಬಾಲ್ ಶಿಬಿರದಲ್ಲಿ ಯಾರಿಗೆ ಯಾವ ಕೆಲಸ

ಚಿಕ್ಕಮಗಳೂರಿನಲ್ಲಿ ಮೊದಲ ಬೇಸಿಗೆಗೆ ನಾವು ಬರೆಸಿದ ಬೋರ್ಡಿನಲ್ಲಿ ‘ಫುಟ್‌ಬಾಲ್ ಕ್ಲಿನಿಕ್’ ಎಂದಿತ್ತು. ಆ ವಾರ ಬಂದ ಮೊದಲ ಎರಡು ಫೋನ್ ಕರೆಗಳೂ ಮಂಡಿನೋವಿನವರದು. ‘ಫುಟ್‌ಬಾಲ್ ತರಬೇತಿ ಶಿಬಿರ’ ಎಂದು ತಿದ್ದಿಸಿದೆವು. ಬೋರ್ಡು ತಿದ್ದಿದಷ್ಟು ಸುಲಭವಾಗಿ ಉಳಿದ ತಪ್ಪುಗಳನ್ನು ತಿದ್ದಲು ಆಗಲಿಲ್ಲವಾದ್ದರಿಂದ, ಮನೆಯವರೇ ಸೇರಿ ಇಂಥ ಶಿಬಿರ ಆರಂಭಿಸಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಒಟ್ಟಿಗೆ ಕೂತು ಕೆಲಸಗಳನ್ನು ಹಂಚಿಕೊಂಡು, ಅದನ್ನು ಕಾಗದದ ಮೇಲೆ ಬರೆದಿಡಬೇಕು. ನಮ್ಮಲ್ಲಿ ತರಬೇತಿ ಅಣ್ಣನದು, ರಿಜಿಸ್ಟರ್ ಅತ್ತಿಗೆಯದು, ಮೈದಾನ ಅಪ್ಪನದು, ತಿಂಡಿ ಅಮ್ಮನದು, ಹಣಕಾಸು ನನ್ನದು. ತರಬೇತಿ ಕೊಡುವವರು ಯಾವ ಕಾರಣಕ್ಕೂ ಶುಲ್ಕದ ಹಣ ಮುಟ್ಟಬಾರದು. ಬಾಕಿ ಕೇಳಿದವರೇ ಮರುದಿನ ಆ ಮಗುವನ್ನು ಹೊರಗೆ ಕೂರಿಸಿದರೆ, ಕಾರಣ ಆಟದ್ದೇ ಆಗಿದ್ದರೂ ಪೋಷಕರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಕೋಚ್ ಆಗುವವರು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ಪಡೆದಿದ್ದರೆ ಒಳ್ಳೆಯದು. ಅದರ ಮೇಲೆ ಸಿ, ಬಿ, ಎ ಎಂಬ ಮೆಟ್ಟಿಲುಗಳಿವೆ. ಸಣ್ಣ ಮಕ್ಕಳ ಶಿಬಿರಕ್ಕೆ ಅಷ್ಟೆಲ್ಲ ಬೇಕಿಲ್ಲ.

ಎಲ್ಲರಿಗಿಂತ ಹೆಚ್ಚು ಯೋಚಿಸಿ ಆರಿಸಬೇಕಾದದ್ದು ರಿಜಿಸ್ಟರ್ ಹಿಡಿಯುವವರನ್ನು. ಅತ್ತಿಗೆಯ ಉದ್ದನೆಯ ಲೆಡ್ಜರಿನಲ್ಲಿ ಪ್ರತಿ ಮಗುವಿಗೂ ಒಂದು ಪುಟವಿದೆ: ಹೆಸರು, ಜನ್ಮದಿನಾಂಕ, ರಕ್ತದ ಗುಂಪು, ಉಬ್ಬಸ ಅಥವಾ ಫಿಟ್ಸ್ ಇದ್ದರೆ ಕೆಂಪು ಶಾಯಿಯಲ್ಲಿ ಅದರ ವಿವರ, ಇಬ್ಬರು ಹಿರಿಯರ ಫೋನ್ ನಂಬರು, ಮತ್ತು ಕರೆದೊಯ್ಯಲು ಯಾರು ಯಾರು ಬರಬಹುದು ಎಂಬ ಪಟ್ಟಿ. ಪಟ್ಟಿಯಲ್ಲಿಲ್ಲದವರು ಸ್ವಂತ ಚಿಕ್ಕಪ್ಪನೇ ಆಗಿದ್ದರೂ, ಮನೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಮಗುವನ್ನು ಕಳುಹಿಸುವುದಿಲ್ಲ. ಒಮ್ಮೆ ಹೀಗೆ ತಡೆದಾಗ ಒಬ್ಬರು ‘ನಾವೇನು ಮಕ್ಕಳ ಕಳ್ಳರೇನಮ್ಮ?’ ಎಂದು ರೇಗಿದ್ದರು. ಅತ್ತಿಗೆ ಉತ್ತರ ಕೊಡದೆ ಫೋನನ್ನು ಅವರ ಕೈಗೇ ಕೊಟ್ಟು, ‘ನೀವೇ ಒಂದು ಮಾತು ಹೇಳಿಸಿಬಿಡಿ ಸರ್’ ಎಂದರು. ಆ ಜಾಣ್ಮೆ ನನ್ನಲ್ಲಿಲ್ಲ. ಆದ್ದರಿಂದಲೇ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಕುಟುಂಬದ ಶಿಬಿರಕ್ಕೆ ಅದರದ್ದೇ ಆದ ಒಂದು ದೌರ್ಬಲ್ಯವಿದೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ, 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ, ಮುಚ್ಚಿಡುವುದು ಅಪರಾಧ. ಆದರೆ ಕೋಚ್ ಅಣ್ಣ, ದೂರು ಕೇಳುವವರು ಅತ್ತಿಗೆ, ಹಣ ನೋಡುವವನು ತಮ್ಮ ಎಂದಾದರೆ ಮಗು ಯಾರ ಬಳಿ ಬಾಯಿ ಬಿಟ್ಟೀತು? ಹಾಗಾಗಿ ದೂರು ಕೇಳಲು ರಕ್ತಸಂಬಂಧ, ಬೀಗತನ ಯಾವುದೂ ಇಲ್ಲದ ಹೊರಗಿನ ಒಬ್ಬರನ್ನು ನೇಮಿಸಿ, ಅವರ ಫೋನ್ ನಂಬರನ್ನೂ ಮಕ್ಕಳ ಸಹಾಯವಾಣಿ 1098ನ್ನೂ ಮೊದಲ ದಿನವೇ ಪೋಷಕರಿಗೆ ಕೊಡಬೇಕು. ನಾವು ಒಬ್ಬ ನಿವೃತ್ತ ಶಿಕ್ಷಕಿಯನ್ನು ಕೇಳಿಕೊಂಡಿದ್ದೇವೆ. ಇದಲ್ಲದೆ, ಮೈದಾನದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು; ಉಳುಕಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಐಸ್ ಇಟ್ಟು, ಮನೆಯವರಿಗೆ ತಿಳಿಸಿದರೆ ಸಾಕು.

ಇನ್ನು ಮನೆಯ ಮಕ್ಕಳ ಪ್ರಶ್ನೆ. ಎರಡನೆಯ ವರ್ಷ ಅಣ್ಣ ತನ್ನ ಮಗನನ್ನೇ ನಾಯಕನನ್ನಾಗಿ ಮಾಡಿದ. ಹುಡುಗ ಚೆನ್ನಾಗಿಯೇ ಆಡುತ್ತಿದ್ದ, ಅದರಲ್ಲಿ ಮಾತಿಲ್ಲ. ಆದರೂ ವಾರದೊಳಗೆ ಮೂವರು ಮಕ್ಕಳು ಬರುವುದನ್ನು ನಿಲ್ಲಿಸಿದರು. ಕಾರಣ ಕೇಳಿದಾಗ ಎಲ್ಲರೂ ಪರೀಕ್ಷೆ ಎಂದರು, ಏಪ್ರಿಲ್ ಕೊನೆಯಲ್ಲಿ! ಅಂದಿನಿಂದ ಮನೆಯ ಮಕ್ಕಳಿರುವ ತಂಡವನ್ನು ಅಣ್ಣ ಆರಿಸುವುದಿಲ್ಲ. ಸಹಾಯಕನಾಗಿ ಬರುವ ಕಾಲೇಜು ಹುಡುಗ ಆರಿಸುತ್ತಾನೆ. ಮೈದಾನದ ಗೆರೆ ದಾಟಿದ ಮೇಲೆ ಮಗನೂ ಅಪ್ಪನನ್ನು ‘ಸರ್’ ಎಂದೇ ಕರೆಯಬೇಕು. ಅಷ್ಟೇ ಮುಖ್ಯವಾಗಿ, ಮನೆಗೆ ಹಿಂದಿರುಗಿ ಊಟಕ್ಕೆ ಕೂತಾಗ ಅಂದಿನ ಆಟದ ತಪ್ಪುಗಳನ್ನು ಅಪ್ಪ ಎತ್ತಬಾರದು. ಈ ಎರಡನೆಯ ನಿಯಮ ಪಾಲಿಸುವುದು ಅಣ್ಣನಿಗೆ ಇಂದಿಗೂ ಕಷ್ಟ.

ಸರ್ಕಾರಿ ಮೈದಾನವಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಿಂದ ಲಿಖಿತ ಅನುಮತಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾಗುವವರೆಗೆ ಮಾತ್ರ. ಕಾಲವನ್ನು ಆರಿಸುವಾಗ ಊರಿನ ಪಂಚಾಂಗ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ಕಾಫಿ ಕೊಯ್ಲು ನಡೆಯುವ ತಿಂಗಳುಗಳಲ್ಲಿ ತೋಟದ ಕಡೆಯ ಪೋಷಕರಿಗೆ ಮಕ್ಕಳನ್ನು ಪೇಟೆಗೆ ಕರೆತರಲು ಪುರುಸೊತ್ತಿರುವುದಿಲ್ಲ. ಉಳಿಯುವುದು ಬೇಸಿಗೆ ರಜೆ, ಅದೂ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಏಕೆಂದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಸಹಿತ ಮಳೆ ಸಾಮಾನ್ಯ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಎಲ್ಲರೂ ಕಟ್ಟಡದೊಳಗೆ ಹೋಗಬೇಕು, ಮರದ ಕೆಳಗಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ರಾತ್ರಿ ಮಳೆಯಾಗಿದ್ದರೆ ಅಪ್ಪ ಆರು ಗಂಟೆಗೇ ಹೋಗಿ ಎರಡೂ ಗೋಲಿನ ಮುಂದೆ ಹಿಮ್ಮಡಿ ಊರಿ ನೋಡುತ್ತಾರೆ. ಹಿಮ್ಮಡಿಯ ಗುಳಿಯಲ್ಲಿ ನೀರು ಜಿನುಗಿದರೆ ಅಂದು ಆಟವಿಲ್ಲ ಎಂದು ಅತ್ತಿಗೆಗೆ ಫೋನ್ ಬರುತ್ತದೆ, ಆರೂಕಾಲರೊಳಗೆ ಎಲ್ಲ ಮನೆಗಳಿಗೂ ಮೆಸೇಜ್ ಹೋಗುತ್ತದೆ. ಈ ವಿಷಯದಲ್ಲಿ ಅಪ್ಪನದೇ ಕೊನೆಯ ಮಾತು, ಕೋಚ್‌ದಲ್ಲ.

ಸಾಮಾನಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಎಂಟು ವರ್ಷದೊಳಗಿನವರಿಗೆ 3ನೇ ಸೈಜಿನ ಚೆಂಡು, ಎಂಟರಿಂದ ಹನ್ನೆರಡರವರಿಗೆ 4ನೇ ಸೈಜು, ಅದರ ಮೇಲಿನವರಿಗೆ 68ರಿಂದ 70 ಸೆಂಟಿಮೀಟರ್ ಸುತ್ತಳತೆಯ 5ನೇ ಸೈಜು. ತಲೆಗೊಂದು ಚೆಂಡು ಇರಲಿ. ಪಂಪಿನ ಸೂಜಿಯನ್ನು ಒದ್ದೆ ಮಾಡದೆ ತೂರಿಸಿದರೆ ವಾಲ್ವ್ ಹಾಳಾಗುತ್ತದೆ. ಚಿಕ್ಕವರಿಗೆ ಹೆಡಿಂಗ್, ಅಂದರೆ ಚೆಂಡನ್ನು ತಲೆಯಿಂದ ಹೊಡೆಯುವುದು, ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯರಿಗೆ ಅದನ್ನು ಬೇಡವೆಂದು 2015ರಲ್ಲೇ ನಿರ್ಧರಿಸಿತು.

ಹಣಕ್ಕೆ ಮನೆಯ ಖಾತೆಯಲ್ಲದ ಬೇರೊಂದು ಬ್ಯಾಂಕ್ ಖಾತೆ, ಪ್ರತಿ ಶುಲ್ಕಕ್ಕೂ ರಸೀದಿ ಇರಬೇಕು. ಮನೆಯವರ ಸಂಭಾವನೆಯನ್ನೂ ಶಿಬಿರಕ್ಕೆ ಮೊದಲೇ ಬರೆದಿಡಬೇಕು. ಮೊದಲ ವರ್ಷ ಅಮ್ಮ ನಲವತ್ತು ಮಕ್ಕಳಿಗೆ ದಿನವೂ ಅವಲಕ್ಕಿ, ಚಿತ್ರಾನ್ನ ಮಾಡಿದರೂ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ, ದಿನಸಿ ಮಾತ್ರ ಇತ್ತು. ಈಗ ಅವರ ಹೆಸರಿನ ಮುಂದೆಯೂ ಒಂದು ಮೊತ್ತವಿದೆ. ಅದು ಶಿಬಿರ ಮುಗಿದ ವಾರದೊಳಗೆ ಕೈ ಸೇರಬೇಕು. ಮನೆಯವರಿಗೆ ತಾನೆ, ಆಮೇಲೆ ಕೊಟ್ಟರಾಯಿತು ಎಂದುಕೊಂಡದ್ದು ಮುಂದಿನ ಬೇಸಿಗೆಯವರೆಗೂ ಹಾಗೆಯೇ ಉಳಿದುಬಿಡುತ್ತದೆ.