ಖಾಲಿ ಕೇಸ್ ತೊಳೆಯುವುದು ಹೊಳಪಿಗಲ್ಲ

ಗುಂಡು ಹಾರಿಸಿದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಕೊಳವೆಯೇ ಕೇಸ್; ಅದನ್ನು ತೊಳೆದು, ಸರಿಮಾಡಿ ಮತ್ತೆ ತೋಟಾ ಮಾಡಲು ಬಳಸಬಹುದು. ಮೊದಲ ಸಲ ಖಾಲಿ ಕೇಸ್‌ಗಳನ್ನು ತೊಳೆದಾಗ ಅವು ಗುಲಾಬಿ ಬಣ್ಣಕ್ಕೆ ತಿರುಗಿದವು. ತಪ್ಪು ನನ್ನದೇ. ಬಿಸಿ ನೀರಿಗೆ ಸಿಟ್ರಿಕ್ ಆಸಿಡ್ ಪುಡಿಯನ್ನು ಕಣ್ಣಂದಾಜಿನಲ್ಲಿ ಸುರಿದೆ, ಕೇಸ್‌ಗಳನ್ನು ಮುಳುಗಿಸಿದೆ, ಹೋಗಿ ಮಲಗಿಬಿಟ್ಟೆ. ಕೇಸ್ ಮಾಡುವ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು ಇರುತ್ತದೆ. ಹುಳಿ ಜಾಸ್ತಿಯಾಗಿ, ಹೊತ್ತೂ ಜಾಸ್ತಿಯಾದರೆ ಮೇಲಿನ ಪದರದ ಸತು ಕಳಚಿ ತಾಮ್ರದ ಕೆಂಪು ಎದ್ದು ಕಾಣುತ್ತದೆ. ಅವು ಎಷ್ಟು ಆಳಕ್ಕೆ ಹಾಳಾಗಿವೆ ಅಂತ ನೋಡಲು ನನ್ನ ಹತ್ತಿರ ದಾರಿ ಇರಲಿಲ್ಲ. ಎಲ್ಲವನ್ನೂ ಗುಜರಿಗೆ ಹಾಕಿದೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಕೇಸ್ ಹೊಸದರಂತೆ ಫಳಫಳ ಅನ್ನಬೇಕು. ಈಗ ಆ ಆಸೆ ಇಲ್ಲ. ಹೊಳೆಯುವ ಕೇಸ್‌ನಿಂದ ಗುರಿ ಏನೂ ಸುಧಾರಿಸುವುದಿಲ್ಲ. ಮಣ್ಣು, ಮರಳು ಹೋಗಬೇಕು, ಇಲ್ಲದಿದ್ದರೆ ಅದು ಡೈ ಒಳಗೆ, ಅಂದರೆ ಕೇಸನ್ನು ಮತ್ತೆ ಅಳತೆಗೆ ತರುವ ಉಕ್ಕಿನ ಅಚ್ಚಿನೊಳಗೆ, ಗೀರು ಹಾಕುತ್ತದೆ. ಮಸಿ ಹೋಗಬೇಕು, ಇಲ್ಲದಿದ್ದರೆ ಬಿರುಕು ಕಾಣುವುದಿಲ್ಲ. ಇವೆರಡು ಆದರೆ ನನಗೆ ಸಾಕು.

ನೀರು ಮುಟ್ಟಿಸುವ ಮೊದಲು ಎಲ್ಲವನ್ನೂ ಮೇಜಿನ ಮೇಲೆ ಸುರಿದು ವಿಂಗಡಿಸುತ್ತೇನೆ. ಮೊದಲು ಹುಡುಕುವುದು ಸಿಡಿಯದ ತೋಟಾ. ಶೂಟಿಂಗ್ ರೇಂಜ್‌ನಲ್ಲಿ ನೆಲದಿಂದ ಬಾಚಿದ ರಾಶಿಯಲ್ಲಿ ಒಂದೋ ಎರಡೋ ಇದ್ದೇ ಇರಬಹುದು. ಆಮೇಲೆ ಅಯಸ್ಕಾಂತ ಆಡಿಸಿದರೆ ಉಕ್ಕಿನ ಕೇಸ್‌ಗಳು ಅಂಟಿಕೊಂಡು ಬರುತ್ತವೆ. ಕಾಟ ಕೊಡುವುದು .380 ಅನ್ನುವ ಪಿಸ್ತೂಲ್ ಕೇಸ್. ಅದು 17 ಮಿಲಿಮೀಟರ್ ಉದ್ದ, 9 ಎಂಎಂ ಕೇಸ್ 19 ಮಿಲಿಮೀಟರ್. ರಾಶಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಮತಟ್ಟಾದ ಮೇಜಿನ ಮೇಲೆ ಬಾಯಿ ಮೇಲಾಗಿ ನಿಲ್ಲಿಸಿದರೆ ಗಿಡ್ಡದ್ದು ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. .45 ಎಸಿಪಿ ಅನ್ನುವ ಪಿಸ್ತೂಲ್ ಕೇಸ್ ಇದ್ದರೆ ಬುಡ ನೋಡಬೇಕು. ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು, ಪ್ರೈಮರ್, ಕೂರುವುದು ಅಲ್ಲಿ; ಅದರಲ್ಲಿ ದೊಡ್ಡ ಪ್ರೈಮರ್‌ನದೂ ಇದೆ, ಸಣ್ಣ ಪ್ರೈಮರ್‌ನದೂ ಇದೆ.

ನಾನು ತೊಳೆಯುವ ಮೊದಲೇ ಹಳೆಯ ಪ್ರೈಮರ್ ತೆಗೆಯುತ್ತೇನೆ. ಆಗ ಪ್ರೈಮರ್ ಕೂರುವ ಗುಳಿಯೂ ತೊಳೆದುಹೋಗುತ್ತದೆ. ಇದಕ್ಕೆ ಪಿನ್‌ನಿಂದ ಪ್ರೈಮರ್ ತಳ್ಳಿ ತೆಗೆಯುವ ಡಿಕ್ಯಾಪಿಂಗ್ ಡೈ ಬೇರೆಯೇ ಇಟ್ಟಿದ್ದೇನೆ. ಅದು ಕೇಸ್‌ನ ಗೋಡೆಯನ್ನು ಮುಟ್ಟುವುದಿಲ್ಲ, ಹಾಗಾಗಿ ಕೊಳಕು ಕೇಸ್ ಹಾಕಿದರೂ ಪರವಾಗಿಲ್ಲ. ಆದರೆ ಸಿಡಿಯದ ಪ್ರೈಮರ್ ಇರುವ ಕೇಸ್ ಮಾತ್ರ ಇದಕ್ಕೆ ಹಾಕಬಾರದು. ಒಮ್ಮೆ ಹಿಡಿಕೆ ಒತ್ತಿದಾಗ ಟಕ್ ಅಂತ ಪಿನ್ ಮುರಿಯಿತು. ಟಾರ್ಚ್ ಹಿಡಿದು ಒಳಗೆ ನೋಡಿದರೆ ನಡುವೆ ಇರಬೇಕಾದ ಒಂದು ತೂತಿನ ಬದಲು ಪಕ್ಕಗಳಲ್ಲಿ ಎರಡು ಸಣ್ಣ ತೂತು. ಹೀಗಿರುವುದಕ್ಕೆ ಬರ್ಡಾನ್ ಕೇಸ್ ಅನ್ನುತ್ತಾರೆ. ಆಮೇಲಿಂದ ಕೇಸ್‌ನ ಬುಡದ ಮೇಲೆ ಗೊತ್ತಿಲ್ಲದ ಮುದ್ರೆ ಕಂಡರೆ ಮೊದಲು ಟಾರ್ಚ್.

ಮೊದಮೊದಲು ಕಂಪಿಸುವ ಟಂಬ್ಲರ್ ಯಂತ್ರದಲ್ಲಿ ಜೋಳದ ದಿಂಡಿನ ಪುಡಿ ಹಾಕಿ ಒಣದಾಗಿಯೇ ಉಜ್ಜುತ್ತಿದ್ದೆ. ಕೆಲಸ ಸುಲಭ, ಒಣಗಿಸುವ ಗೋಜೂ ಇಲ್ಲ. ಆದರೆ ಪುಡಿ ಬೇರ್ಪಡಿಸುವಾಗ ಏಳುವ ಬೂದು ಧೂಳು ಬರೀ ಧೂಳಲ್ಲ. ಸಾಮಾನ್ಯ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತ ಇರುತ್ತದೆ. ಸುಟ್ಟ ಮೇಲೆ ಆ ಸೀಸ ಕೇಸ್ ಒಳಗೆ ಉಳಿದು, ಕೊನೆಗೆ ಈ ಧೂಳಿಗೆ ಬರುತ್ತದೆ. ಇದು ತಿಳಿದ ಮೇಲೆ ಒಣ ಟಂಬ್ಲರ್ ಮೂಲೆ ಸೇರಿತು. ಈಗ ಮಾಡುವುದು ನೀರಿನಲ್ಲೇ. ಆ ಕಪ್ಪು ನೀರಿನಲ್ಲೂ ಸೀಸ ಇರುತ್ತದೆ, ಕೈಗವಸು ಬೇಕೇ ಬೇಕು. ಅಡುಗೆಮನೆಯ ಸಿಂಕ್ ಹತ್ತಿರ ಅದನ್ನು ಒಯ್ಯುವುದಿಲ್ಲ.

ಸುತ್ತುವ ಡ್ರಮ್‌ಗೆ ಕೇಸ್, ಸ್ಟೇನ್‌ಲೆಸ್ ಸ್ಟೀಲ್‌ನ ಸಣ್ಣ ಪಿನ್, ಮುಳುಗುವಷ್ಟು ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು. ಪಿನ್ ಒಂದೂಕಾಲು ಮಿಲಿಮೀಟರ್‌ನಷ್ಟು ದಪ್ಪ, ಆರೂವರೆ ಮಿಲಿಮೀಟರ್‌ನಷ್ಟು ಉದ್ದ. ಸಿಟ್ರಿಕ್ ಆಸಿಡ್ ಅಳೆಯಲು ಈಗ ಒಂದು ಹಳೆಯ .45 ಕೇಸ್ ಇಟ್ಟುಕೊಂಡಿದ್ದೇನೆ. ಅದು ತುಂಬುವಷ್ಟು, ಅಷ್ಟೇ. ಒಂದೂವರೆ ಗಂಟೆ ಸುತ್ತಿಸುತ್ತೇನೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ಕೇಸ್‌ಗಳು ಒಂದಕ್ಕೊಂದು ಬಡಿದು ಬಾಯಂಚು ದಪ್ಪಗಾಗುತ್ತದೆ.

ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಮಾತ್ರ ಇದರ ಹತ್ತಿರ ಬರಬಾರದು. ಇದಕ್ಕೆ ಹಳೆಯ ಕಥೆ ಒಂದಿದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿಯುವಷ್ಟರಲ್ಲಿ ಕೇಸ್‌ಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಕಾರಣ ಸರಿಯಾಗಿ ಗೊತ್ತಾದದ್ದು 1921ರಲ್ಲಿ: ಕುದುರೆ ಉಚ್ಚೆಯಿಂದ ಬರುವ ಅಮೋನಿಯಾ, ಜೊತೆಗೆ ಹಿತ್ತಾಳೆಯನ್ನು ಎಳೆದು ಕೇಸ್ ಮಾಡುವಾಗ ಅದರೊಳಗೆ ಉಳಿದ ಬಿಗುವು. ಈಗಿನ ಕೇಸೂ ಹಿತ್ತಾಳೆಯದೇ ಅಲ್ವಾ? ಪಾಲಿಶ್ ಡಬ್ಬಿ ಕೊಳ್ಳುವಾಗ ಹಿಂದಿನ ಚೀಟಿ ಓದುವ ಅಭ್ಯಾಸ ನನಗೆ ಬಂದದ್ದು ಇಲ್ಲಿಂದ.

ತೊಳೆದ ಮೇಲೆ ಟವೆಲ್ ಮೇಲೆ ಹೊರಳಾಡಿಸಿ, ಅಗಲ ತಟ್ಟೆಯಲ್ಲಿ ಹರಡಿ, ಫ್ಯಾನ್ ಕೆಳಗೆ ಎರಡು ದಿನ ಬಿಡುತ್ತೇನೆ. ಕತ್ತು ಸಣ್ಣಗಿರುವ ರೈಫಲ್ ಕೇಸ್ ಒಳಗೆ ನೀರು ಕಳ್ಳನ ಹಾಗೆ ಕೂತಿರುತ್ತದೆ. ಆತುರಪಟ್ಟು ಬೆಂಕಿಗೆ ಹಿಡಿಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಬುಡದ ಹಿತ್ತಾಳೆ ಗಟ್ಟಿಯಾಗಿಯೇ ಇರಬೇಕು. ಕಾದು ಮೆತ್ತಗಾದರೆ ಒತ್ತಡ ತಡೆಯುವುದಿಲ್ಲ.

ಇನ್ನು ಪಿನ್. ಎರಡು ಪಿನ್ ಜೋಡಿಯಾಗಿ ಬುಡದ ತೂತಿನಲ್ಲಿ ಸಿಕ್ಕಿಕೊಂಡರೆ ಎಷ್ಟು ಅಲ್ಲಾಡಿಸಿದರೂ ಬೀಳುವುದಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ತೂತಿನಲ್ಲಿ ಬೆಳಕು ಕಂಡರಷ್ಟೇ ಮುಂದಕ್ಕೆ.

ನನಗೆ ಇಷ್ಟವಾದ ಕೆಲಸ ಶುರುವಾಗುವುದು ಇಲ್ಲಿಂದ. ಐದಾರು ಕೇಸ್ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಕುಲುಕುತ್ತೇನೆ. ಚೆನ್ನಾಗಿರುವುವು ಗೆಜ್ಜೆಯಂತೆ ಕಿಣಿಕಿಣಿ ಅನ್ನುತ್ತವೆ. ಬಿರುಕು ಬಿಟ್ಟದ್ದು ಒಂದಿದ್ದರೂ ನಡುವೆ ಒಡಕು ಸದ್ದು ಬರುತ್ತದೆ. ಆಮೇಲೆ ಕಣ್ಣು: ಬಾಯಿಯ ಹತ್ತಿರ ಕೂದಲೆಳೆಯಂಥ ಗೀರು, ಬುಡದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರ. ರೈಫಲ್ ಕೇಸ್ ಆದರೆ ಪೇಪರ್ ಕ್ಲಿಪ್ ಬಿಚ್ಚಿ, ತುದಿ ಬಗ್ಗಿಸಿ, ಒಳಗೋಡೆಗೆ ತಾಗಿಸಿ ಬುಡದಿಂದ ಮೇಲಕ್ಕೆ ಎಳೆಯುತ್ತೇನೆ. ಎಲ್ಲಾದರೂ ತುದಿ ಸಿಕ್ಕಿದಂತಾದರೆ ಅಲ್ಲಿ ಗೋಡೆ ಸವೆದಿದೆ ಅಂತ ಅರ್ಥ. ಇನ್ನೊಂದು ಸಲ ಹಾರಿಸಿದರೆ ಕೇಸ್ ಅಲ್ಲೇ ಎರಡು ತುಂಡಾಗಬಹುದು.

ಉಳಿದದ್ದು ಬೇಗ ಮುಗಿಯುತ್ತದೆ. ರೈಫಲ್ ಕೇಸ್‌ಗೆ ಲೂಬ್, ಅಂದರೆ ಜಾರುವಂತೆ ಮಾಡುವ ಜಿಡ್ಡು, ಹಚ್ಚಿ ಸೈಜ್ ಮಾಡುತ್ತೇನೆ, ಅಂದರೆ ಡೈಗೆ ಒತ್ತಿ ಮತ್ತೆ ಅಳತೆಗೆ ತರುತ್ತೇನೆ. ಲೂಬ್ ಮರೆತು ಡೈ ಒಳಗೆ ಒಂದು ಕೇಸ್ ಸಿಕ್ಕಿಸಿಕೊಂಡು ಇಡೀ ಸಂಜೆ ಕಳೆದಿದ್ದೇನೆ, ಅದರ ಮಾತು ಬೇಡ. ಆಮೇಲೆ ಉದ್ದ ಅಳೆಯುತ್ತೇನೆ. .223 ರೈಫಲ್ ಕೇಸ್ ಆದರೆ 44.70 ಮಿಲಿಮೀಟರ್ ದಾಟಬಾರದು, ನಾನು 44.45ಕ್ಕೆ ಕತ್ತರಿಸುತ್ತೇನೆ. ಲೂಬ್ ಹೋಗಲು ಮತ್ತೆ ಸೋಪು ನೀರಿನಲ್ಲಿ ಸುತ್ತಿಸುತ್ತೇನೆ, ಈ ಸಲ ಪಿನ್ ಇಲ್ಲದೆ.

ತಿರಸ್ಕರಿಸಿದ ಕೇಸ್‌ಗಳನ್ನು ಮೊದಲೆಲ್ಲ ಸುಮ್ನೆ ಬೇರೆ ಡಬ್ಬಿಗೆ ಹಾಕುತ್ತಿದ್ದೆ. ಒಮ್ಮೆ ಆ ಡಬ್ಬಿ ಉರುಳಿ ಅದರಲ್ಲಿದ್ದದ್ದೆಲ್ಲ ಒಳ್ಳೆಯ ಕೇಸ್‌ಗಳ ಜೊತೆ ಬೆರೆತುಹೋಯಿತು. ಪೇಪರ್ ಕ್ಲಿಪ್ ಹಿಡಿದು ಮುನ್ನೂರು ಕೇಸ್ ಮತ್ತೆ ಮೊದಲಿನಿಂದ ನೋಡಬೇಕಾಯಿತು. ಈಗ ಕೈಯಲ್ಲಿ ಇಕ್ಕಳ ಇಟ್ಟುಕೊಂಡೇ ಕೂರುತ್ತೇನೆ. ಕೆಟ್ಟದ್ದು ಸಿಕ್ಕ ಕೂಡಲೇ ಅದರ ಬಾಯಿ ಜಜ್ಜಿ ಡಬ್ಬಿಗೆ ಎಸೆಯುತ್ತೇನೆ.